ಮಾವನ ಮನೆಯಲ್ಲಿ ಝಾಂಡಾ

ನವೆಂಬರ್ 3, ಸೋಮವಾರ

ಯಡ್ತರೆ, ಮಾವನ ಮನೆ. ಬೆಳಿಗ್ಗೆ ನೀರ್ದೋಸೆ, ಬಂಗುಡೆ ಸಾರು. ಆಮೇಲೆ ಮತ್ತೆ ಜಗಳ.

ಬ್ರಹ್ಮಾವರದ ಕನ್ನಡಕದ ಅಂಗಡಿಯಲ್ಲಿ ವಿನಯಾಗೆ ಕೆಲಸ ಸಿಕ್ಕಿದೆ. ಬೇಡ ಎಂದೆ. ಯಾಕೆ ಬೇಡ, ನನಗೂ ಸರಿಯಾಗಿ ಗೊತ್ತಿಲ್ಲ. ಅವಳು ತವರಿಗೆ ಬಂದು ಕೂತಳು. ಕರೆದುಕೊಂಡು ಹೋಗಲೆಂದು ಶನಿವಾರ ಬಂದವನು ಇನ್ನೂ ಇಲ್ಲೇ ಇದ್ದೇನೆ.

"ತಪ್ಪಾಯ್ತ್ ಅಂತ ಹೇಳಿ, ಬತ್ತೆ," ಎಂದಳು.

"ನೀ ಬರ್ದೆ ನಾನೂ ಹೋತಿಲ್ಲೆ," ಎಂದೆ.

ಆಫೀಸಿಗೆ ರಜೆ ಹೇಳಿದೆ. ಹಟ ಅಂದರೆ ಹಟ.

ನವೆಂಬರ್ 6, ಗುರುವಾರ

ತಂದ ಬಟ್ಟೆ ಮುಗಿಯಿತು. ಮಾವನ ಲುಂಗಿ ಉಟ್ಟಿದ್ದೇನೆ. ಜಗಲಿಯ ಕುರ್ಚಿಯೂ ಅವರದೇ... ನನ್ನ ಬೆನ್ನಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಅವರೀಗ ಬಾವಿಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಾರೆ. ಅಲ್ಲಿ ಗಾಳಿ ಬರುತ್ತದಂತೆ. ಅತ್ತೆ ಇವತ್ತು ಮೀನು ಮಾಡಲಿಲ್ಲ. ಸಿಕ್ಕಿಲ್ಲವೇನೋ.

ನವೆಂಬರ್ 10, ಸೋಮವಾರ, ಸಂಜೆ

ಮಾವ ಅಂಗಳದಲ್ಲಿ ತಮ್ಮನೊಡನೆ ಫೋನಿನಲ್ಲಿ: "ಎಂತ ಹೇಳುದ್ ಮಾರಾಯ, ಇಲ್ಲ್ ಬಂದ್ ಝಾಂಡಾ ಊರ್ಕಂಡ್ ಕೂತಿದ್ರ್. ಎದ್ದ್ ಹೋಪು ಅಂದಾಜೇ ಇಲ್ಲೆ."

ಖುಷಿಯಾಯಿತು. ಹೆತ್ತ ಅಪ್ಪನಿಗೇ ಬೇಸರ ಬಂದ ಮೇಲೆ ಇನ್ನು ವಿನಯಾ ಹೊರಡಲೇಬೇಕು. ಮಾತೂ ಎಷ್ಟು ಸರಿ! ಒಂದು ದಿನಕ್ಕೆ ಬಂದವರಿಗೆ ಯಾರೂ ಹಾಗೆ ಹೇಳುವುದಿಲ್ಲ. ಹೊರಡುವ ಹೊತ್ತು ಮೀರಿದರೂ ಬಾವುಟ ನೆಟ್ಟ ಹಾಗೆ ಕೂತವರಿಗೇ ಅದು.

ಕಾಫಿ ಲೋಟ ಎತ್ತುವಾಗ ಹೊಳೆಯಿತು. ಮಗಳ ಬಗ್ಗೆಯಾದರೆ 'ಕೂತಿದ್ಲ್' ಎನ್ನಬೇಕಿತ್ತು. ಮಾವ ಹೇಳಿದ್ದು 'ಕೂತಿದ್ರ್'. ಈ ಮನೆಯಲ್ಲಿ ಅವರು ಅಷ್ಟು ಮರ್ಯಾದೆ ಕೊಟ್ಟು ಮಾತಾಡುವುದು ಅಳಿಯನಿಗೆ ಮಾತ್ರ —

ಕುರ್ಚಿಯಿಂದ ಎದ್ದೆ. ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ.

ನವೆಂಬರ್ 11, ಮಂಗಳವಾರ

ಚೀಲ ತುಂಬಿಸಿದೆ. ವಿನಯಾ ಎಲ್ಲೂ ಕಾಣಲಿಲ್ಲ.

"ಅವ್ಳ್ ಬೆಳಿಗ್ಗೆ ಬಸ್ಸಿಗೇ ಬ್ರಹ್ಮಾವರಕ್ಕೆ ಹೋದ್ಲ್. ಇವತ್ತಿಂದ ಕೆಲ್ಸ ಅಂಬ್ರ್, ಸಂಜಿಗೆ ನಿಮ್ಮನಿಗೇ ಹೋತ್ಲ್," ಎಂದರು ಅತ್ತೆ.

ಅಂದರೆ ಹೆಂಡತಿ ನನ್ನ ಮನೆಯಲ್ಲಿ, ನಾನು ಅವಳ ತವರಿನಲ್ಲಿ.

ಮಾವ ಚೀಲ ನೋಡಿದರು. ಮುಖ ಅರಳಿತು. "ಹ್ವಾಯ್ ಸುಧಾಕರ, ಹತ್ತ್ ಗಂಟಿಗೊಂದ್ ಎಕ್ಸ್‌ಪ್ರೆಸ್ ಇತ್ತ್, ಬೇಗ ಹೋಯ್ನಿ!" ಚೀಲವನ್ನು ಗೇಟಿನವರೆಗೆ ತಾವೇ ಹೊತ್ತರು.

ಬಸ್‌ಸ್ಟಾಪಿನಿಂದ ಅವಳಿಗೆ ಫೋನ್ ಮಾಡಿದೆ. "ತಪ್ಪಾಯ್ತ್ ಮಾರಾಯ್ತಿ. ನೀ ಕೆಲ್ಸ ಮಾಡ್. ನಾನ್ ಮನಿಗ್ ಬತ್ತೆ."

ಆ ಕಡೆ ಗಿರಾಕಿಯ ದನಿ. ಅವರಿಗೆ 'ಒಂದ್ ನಿಮಿಷ' ಎಂದಳು. ನಕ್ಕಳೋ ಏನೋ.

"ಬನ್ನಿ. ಎಷ್ಟ್ ದಿನ ಇರ್ತ್ರಿ?"

ಉತ್ತರ ಹೇಳುವಷ್ಟರಲ್ಲಿ ಬಸ್ ಬಂತು. ಈಗ ಹೆಮ್ಮಾಡಿ ದಾಟಿದೆ. ಸೀಟು ಸಿಕ್ಕಿದೆ, ಉತ್ತರ ಸಿಕ್ಕಿಲ್ಲ. ಸಂಜೆ ಅವಳು ಕೆಲಸ ಮುಗಿಸಿ ಬಂದ ಕೂಡಲೇ ಮೊದಲು ಕೂರಲು ನನ್ನ ಕುರ್ಚಿ ಬಿಟ್ಟುಕೊಡುತ್ತೇನೆ.