ಹತ್ತೊಂಬತ್ತು ಸೆಕೆಂಡಿನ ನಿಲುಗಡೆ

ಕುಷ್ಟಗಿ,
೫ ಜನವರಿ ೨೦೨೫, ಭಾನುವಾರ

ಮುಬಾಶಿರಾಳ ಅಬ್ಬಾ ಅವರಿಗೆ ಸಬೀನಾಳ ಸಲಾಮು.

ಮೊದಲು ಒಂದು ಘೋಷಣೆ. ಕುಷ್ಟಗಿ ತಾಲ್ಲೂಕಿನ ಸಮಸ್ತ ಜನತೆಯ ಪರವಾಗಿ ತಮಗೆ ತಿಳಿಯಪಡಿಸುವುದೇನೆಂದರೆ, ತಮ್ಮ ತಾಯಿಯವರಾದ ಹುಸೇನಬೀ ಅವರು ಮೊನ್ನೆ ಶುಕ್ರವಾರ ಸಂಜೆ ಏಳು ಗಂಟೆಗೆ, ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಎಚ್ಚರದಲ್ಲಿದ್ದು, ಟಿ.ವಿ. ರಿಮೋಟನ್ನು ಸ್ವಹಸ್ತದಿಂದ ಮೊಮ್ಮಗಳಿಗೆ ಒಪ್ಪಿಸಿದ್ದಾರೆ. ಅಂದಿನ ಧಾರಾವಾಹಿಯಲ್ಲಿ ಸೊಸೆಯ ಹಾಲಿಗೆ ಏನೋ ಬೆರೆಸುವುದಿತ್ತು. ಅದನ್ನೂ ಬಿಟ್ಟುಕೊಟ್ಟರು! ಇಂಥ ತ್ಯಾಗ ಹೇಗೆ ನಡೆಯಿತು ಎಂಬುದೇ ಈ ಪತ್ರದ ವಿಷಯ. ಆದರೆ ಪತ್ರಕ್ಕೊಂದು ರೀತಿ ಇದೆ. ಮೊದಲು ಕ್ಷೇಮ, ಆಮೇಲೆ ಸುದ್ದಿ. ಇಪ್ಪತ್ತು ವರ್ಷದಿಂದ ಸಾಲಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತ, ಈ ಕ್ರಮ ತಪ್ಪಿಸಿದವರಿಗೆಲ್ಲ ಅಂಕ ಕಳೆದವಳು ನಾನು. ಈಗ ನಾನೇ ತಪ್ಪಿದರೆ ಹೇಗೆ?

ನಿಮ್ಮ ಸೊಂಟದ ನೋವು ಹೇಗಿದೆ? ಟ್ರೇಲರಿನ ಸೀಟಿಗೆ ದಿಂಬು ಹಾಕಿಕೊಳ್ಳಿ ಎಂದಿದ್ದೆ, ಹಾಕಿಕೊಂಡಿರಾ, ಅಥವಾ ಬೇರೆ ಡ್ರೈವರುಗಳು ನಗುತ್ತಾರೆಂದು ಬಿಟ್ಟಿರಾ? ನಗಲಿ ಬಿಡ್ರಿ, ನೋವು ಅವರ ಸೊಂಟದಲ್ಲಿಲ್ಲ. ದಮ್ಮಾಮಿನಲ್ಲೂ ಈಗ ಚಳಿ ಎಂದು ಜಾಕೀರ ಹೇಳಿದ. ಬಿ.ಪಿ. ಮಾತ್ರೆ ಬಿಡಬೇಡಿ. ರಜೆ ಮುಗಿಸಿ ಬರುತ್ತಿರುವ ಜಾಕೀರನ ಕೈಯಲ್ಲೇ ಈ ಪತ್ರ, ಜೊತೆಗೆ ಶೇಂಗಾ ಚಟ್ನಿಪುಡಿ ಮತ್ತು ಎರಡು ಡಜನ್ ಖಡಕ್ ರೊಟ್ಟಿ ಕಳಿಸಿದ್ದೇನೆ. ರೊಟ್ಟಿ ಎಣಿಸಿ ತೆಗೆದುಕೊಳ್ಳಿ. ಹುಡುಗ ಒಳ್ಳೆಯವನೇ, ಆದರೆ ವಿಮಾನದಲ್ಲಿ ಹಸಿವು ಜಾಸ್ತಿಯಂತೆ. ನಾವೆಲ್ಲ ಇಲ್ಲಿ ಆರಾಮ. ಅತ್ತೆಯವರ ಮೊಣಕಾಲು ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಛಲೋ ಐತಿ.

ಈ ಕಾಲದಲ್ಲಿ ಕಾಗದ ಯಾಕೆ ಅನ್ನುತ್ತೀರಿ. ಫೋನಿನಲ್ಲಿ ನಾನು ‘ರೇಸು’ ಎಂದ ಕೂಡಲೇ ನಿಮ್ಮ ಕಡೆ ನೆಟ್‌ವರ್ಕ್ ಹೋಗುತ್ತದೆ. ಜೋಳದ ರೇಟು ಕೇಳುವಾಗ ಇರುವ ನೆಟ್‌ವರ್ಕು, ಮಗಳ ಹೆಸರಿಗೆ ಎಲ್ಲಿ ಹೋಗುತ್ತದೋ ದೇವರೇ ಬಲ್ಲ. ನವೆಂಬರಿನಲ್ಲಿ ಒಮ್ಮೆ ಸಿಕ್ಕಾಗ ಒಂದೇ ಮಾತು ಹೇಳಿ ಇಟ್ಟಿರಿ: “ಗಾಡಿ ಇರೋದು ಮಂದೀನ ಮನಿ ಮುಟ್ಟಸಾಕ, ಕುಣಸಾಕಲ್ಲ.” ಅಂದಿನಿಂದ ಅಪ್ಪ ಮಗಳ ನಡುವೆ ಮಾತಿಲ್ಲ. ಆ ಮಾತಿಗೆ ಉತ್ತರ ಉದ್ದವಿದೆ. ಕಾಗದವನ್ನಾದರೂ ನಡುವೆ ಕಟ್ ಮಾಡಲು ಬರುವುದಿಲ್ಲ, ಓದಿರಿ.

ನೀವು ದಮ್ಮಾಮಿಗೆ ಹೋಗುವಾಗ ನಮ್ಮ ಕ್ರೂಸರ್ ಜೀಪನ್ನು ಬಾಡಿಗೆ ಡ್ರೈವರನಿಗೆ ಒಪ್ಪಿಸಿದಿರಿ, ಅವನು ಮೂರೇ ತಿಂಗಳಿಗೆ ಕೀಲಿ ನನ್ನ ಕೈಗಿಟ್ಟು ಹೋದ. ಆಗ ಇಪ್ಪತ್ತು ವರ್ಷದ ಮುಬಾಶಿರಾ, ನೀವು ಕೆರೆಯ ಮೈದಾನದಲ್ಲಿ ಕಲಿಸಿಕೊಟ್ಟ ಡ್ರೈವಿಂಗನ್ನೇ ನಂಬಿ ಸೀಟಿನ ಮೇಲೆ ಕುಳಿತಳು. ನಾಲ್ಕು ವರ್ಷದಿಂದ ಕುಷ್ಟಗಿ, ಮಂಗಳೂರು (ಕಡಲಿನದಲ್ಲ, ನಮ್ಮ ಕಡೆಯದು), ಯಲಬುರ್ಗಾ, ಮತ್ತೆ ವಾಪಸ್. ಒಳಗೆ ಹನ್ನೆರಡು ಜನ, ಮೇಲೆ ಅವರ ಚೀಲ, ನಡುವೆ ಒಂದೊಂದು ಸಲ ಆಡು. ದಾರಿಯಲ್ಲಿ ಯಾರು ಕೈ ಎತ್ತಿದರೂ ನಿಲ್ಲುತ್ತಾಳೆ. ಈ ಸರ್ವಿಸಿನ ಧರ್ಮವೇ ಅದು, ನೀವೇ ಹಾಕಿಕೊಟ್ಟದ್ದು. ಇಷ್ಟು ನಿಮಗೆ ಗೊತ್ತು. ಗೊತ್ತಿಲ್ಲದ್ದು ಗ್ಯಾರೇಜಿನ ಗಾದಿಲಿಂಗಪ್ಪನ ಮಗಳು ರೂಪಾಳ ಕಥೆ. ಡಿಪ್ಲೊಮಾ ಓದಿ ಅಪ್ಪನ ಗ್ಯಾರೇಜಿನಲ್ಲೇ ನಿಂತಿರುವ ಈ ಹುಡುಗಿಯೂ ನಮ್ಮವಳೂ ಸೇರಿ ಒಂದು ಹಳೆಯ ಮಾರುತಿ ಕಾರು ಬಿಚ್ಚಿ, ಒಳಗೆಲ್ಲ ಕಬ್ಬಿಣದ ಪೈಪು ಬೆಸೆದರು. ಕೋಳಿ ಸಾಗಿಸಲು ಪಂಜರ ಮಾಡುತ್ತಿದ್ದಾರೆ ಎಂದು ನಾನು ತಿಳಿದಿದ್ದೆ. ಕೋಳಿಗೆ ಯಾಕ್ರಮ್ಮಾ ಇಷ್ಟು ದಪ್ಪ ಪೈಪು ಎಂದೂ ಕೇಳಿದ್ದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾಡಿ ಉರುಳಿದರೆ ತಲೆ ಉಳಿಯಲಿ ಎಂದು ಆ ಪಂಜರ. ಅದು ತಿಳಿದ ದಿನ ನಾನು ಊಟ ಬಿಟ್ಟೆ. ಮರುದಿನ ಮಾಡಿದೆ.

ನವೆಂಬರಿನಲ್ಲಿ ಹಿಟ್ನಾಳದ ಆಚೆ ಒಂದು ಕ್ಲಬ್ಬಿನವರು ಮಣ್ಣಿನ ದಾರಿಯಲ್ಲಿ ಕಾರ್ ರ‍್ಯಾಲಿ ಇಟ್ಟರು. ಎಲ್ಲರೂ ಒಟ್ಟಿಗೆ ಓಡುವುದಲ್ಲ. ಒಂದೊಂದೇ ಕಾರು ಹೊರಡುತ್ತದೆ, ಯಾರು ಕಡಿಮೆ ಹೊತ್ತಿನಲ್ಲಿ ಮುಟ್ಟುತ್ತಾರೋ ಅವರು ಗೆದ್ದಂತೆ. ಡ್ರೈವರಿನ ಮಗ್ಗುಲಲ್ಲಿ ಕುಳಿತವರು ಮುಂದಿನ ತಿರುವು ಎಂಥದು ಎಂದು ಓದಿ ಹೇಳಬೇಕು. ಅದಕ್ಕೆ ಹಿಂದಿನ ದಿನವೇ ದಾರಿಯಲ್ಲಿ ನಿಧಾನ ಹೋಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಬೇರೆಯವರೆಲ್ಲ ತಿರುವಿಗೆ ಒಂದು, ಎರಡು, ಮೂರು ಎಂದು ನಂಬರು ಕೊಟ್ಟರೆ, ನಮ್ಮ ವಿದುಷಿಯರು ತಮ್ಮದೇ ಲೆಕ್ಕ ಮಾಡಿಕೊಂಡರು. ಮೆಲ್ಲಗೆ ಬಾಗುವ ತಿರುವಿಗೆ ‘ದಾದಿ ನಡಿಗಿ’, ಅಂದರೆ ನಿಮ್ಮ ತಾಯಿಯವರ ಮೊಣಕಾಲಿನ ನಡಿಗೆ. ಥಟ್ಟನೆ ಮುರಿಯುವ ತಿರುವಿಗೆ, ಏನು ಹೇಳಲಿ, ‘ಅಮ್ಮೀ ಸಿಟ್ಟು’. ರೂಪಾ ಕೂಗುವುದನ್ನು ವಿಡಿಯೋದಲ್ಲಿ ಕಿವಿಯಾರೆ ಕೇಳಿದ್ದೇನೆ: “ಅಮ್ಮೀ ಸಿಟ್ಟು ಎಡಕ್ಕ! ಮುಂದ ಮತ್ತ ಅಮ್ಮೀ ಸಿಟ್ಟು, ಬಲಕ್ಕ, ತಗ್ಗು ಐತಿ!” ಒಂದೇ ದಾರಿಯಲ್ಲಿ ನನಗೆ ಏಳು ಸಲ ಸಿಟ್ಟು ಬಂದಿದೆ. ನೀವು ಈ ಸಾಲು ಓದಿ ನಗುತ್ತಿದ್ದರೆ ಎಂಟನೆಯದೂ ಸಿದ್ಧವಿದೆ.

ಕೊನೆಯ ಸುತ್ತಿನಲ್ಲಿ ನಮ್ಮವಳು ಎಲ್ಲರಿಗಿಂತ ಮುಂದಿದ್ದಳು. ಹದಿನಾಲ್ಕು ಹೊಸಬರಲ್ಲಿ ಎಲ್ಲರಿಗಿಂತ ಮುಂದೆ, ನೆನಪಿರಲಿ. ಆಗ ಹೊಲದ ಬದುವಿನಿಂದ ಒಬ್ಬ ಮುದುಕಿ, ತಲೆಯ ಮೇಲೆ ಮೇವಿನ ಹೊರೆ, ದಾರಿಯ ಅಂಚಿಗೆ ಬಂದು ಕೈ ಎತ್ತಿದಳು. ಅಷ್ಟೇ. ನಿಮ್ಮ ಮಗಳ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಗಾಡಿ ನಿಂತೇಬಿಟ್ಟಿತು. ಮುದುಕಿ ಬಗ್ಗಿ, “ಯವ್ವಾ, ಹಿಟ್ನಾಳಕ್ಕ ಹೋಗತೈತೇನು?” ಎಂದಳು. ಇವಳು, ರೇಸಿನ ನಟ್ಟನಡುವೆ, ಹೆಲ್ಮೆಟ್ಟಿನೊಳಗಿಂದ, ಮರ್ಯಾದೆಯಿಂದ, “ಇಲ್ಲ ಅಜ್ಜಿ, ಇದು ರೇಸಿನ ಗಾಡಿ ಐತಿ” ಎಂದಳು. ಮುದುಕಿ ಬಿಡಬೇಕಲ್ಲ: “ಹಂಗಾರ ಹಿಂದ ಬರೂದು ಹೋಗತೈತೇನು?” ರೂಪಾ ಪುಸ್ತಕದಿಂದ ಇವಳ ಹೆಲ್ಮೆಟ್ಟಿಗೆ ಬಡಿದು, “ನಡಿ ನಡಿ, ಸೀಟ ತುಂಬಸಾಕ ಬಂದೀಯೇನು?” ಎಂದು ಚೀರಿದ ಮೇಲೆ ಗಾಡಿ ಹೊರಟಿತು. ಕ್ಲಬ್ಬಿನ ಹುಡುಗರು ಓಡಿಬಂದು ಅಜ್ಜಿಯನ್ನು ಬದುವಿನಾಚೆ ಕರೆದೊಯ್ದರು. ಒಟ್ಟು ನಿಂತದ್ದು ಹತ್ತೊಂಬತ್ತು ಸೆಕೆಂಡು. ಸೋತದ್ದು ಹನ್ನೊಂದು ಸೆಕೆಂಡಿನಿಂದ. ಎರಡನೆಯ ಸ್ಥಾನ. ರೂಪಾ ಮೂರು ದಿನ ಇವಳನ್ನು ಮಾತಾಡಿಸಲಿಲ್ಲ.

ಆದರೆ ಅಲ್ಲಿ ಶಾಂತಕುಮಾರ ಎಂಬವರು ಬಂದಿದ್ದರು, ಕೊಯಮತ್ತೂರಿನಲ್ಲಿ ರೇಸಿನ ತಂಡ ನಡೆಸುವವರು. ಹತ್ತೊಂಬತ್ತರಲ್ಲಿ ಹನ್ನೊಂದು ಕಳೆಯಲು ಅವರಿಗೂ ಬರುತ್ತಿತ್ತು. ನಿಲ್ಲದಿದ್ದರೆ ಎಂಟು ಸೆಕೆಂಡು ಮುಂಚೆ ಮುಟ್ಟುತ್ತಿದ್ದಳು! ಅವರು ಬಂದು, “ಯಾಕಮ್ಮಾ ನಿಲ್ಲಿಸಿದೆ?” ಎಂದು ಕೇಳಿದರಂತೆ. ಇವಳು, “ಕೈ ಎತ್ತಿದ್ರು ಸರ್” ಎಂದಳಂತೆ. ಅವರು ನಕ್ಕು ನಕ್ಕು, ನಂಬರು ಬರೆದುಕೊಂಡು ಹೋದರು. ಡಿಸೆಂಬರಿನಲ್ಲಿ ಕರೆ ಬಂತು. ಹನ್ನೊಂದು ಜನರನ್ನು ಮೂರು ದಿನ ಓಡಿಸಿ ನೋಡಿ ಇಬ್ಬರನ್ನು ಇಟ್ಟುಕೊಳ್ಳುವುದಿತ್ತು. ಕೊಯಮತ್ತೂರಿಗೆ ಇವಳ ಜೊತೆ ನಾನೂ ಹೋದೆ. ಸಾಲಿಗೆ ರಜೆ ಹಾಕಿದೆ, ಕಾರಣ ‘ಕೌಟುಂಬಿಕ’ ಎಂದು ಬರೆದೆ. ಸುಳ್ಳೇನಲ್ಲ.

ಮೊದಲ ದಿನ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದೆ, ಗಾಡಿಯ ಸದ್ದಷ್ಟೇ ಕೇಳಿದೆ. ಎರಡನೆಯ ದಿನ ಒಂದು ಕಣ್ಣು ತೆರೆದೆ. ಮೂರನೆಯ ದಿನ ಎದ್ದು ನಿಂತಿದ್ದೆ. ರೀ, ನಮ್ಮ ಬಸ್‌ಸ್ಟ್ಯಾಂಡಿನ ಸಂತೆದಿನದ ಗದ್ದಲದೊಳಗಿಂದ, ಕುಳಿತವರ ಕೈಯಲ್ಲಿನ ಚಹಾ ಅಲುಗದಂತೆ ನೀವು ಕ್ರೂಸರ್ ಹೊರಳಿಸಿ ತರುತ್ತಿದ್ದಿರಲ್ಲ, ಅದೇ ಕೈ. ಅದೇ ಹೊರಳು. ಬೇರೆ ಹುಡುಗರು ತಿರುವಿನಲ್ಲಿ ಗಾಡಿಯನ್ನು ಬಯ್ಯುವವರಂತೆ ತಿರುಗಿಸಿದರೆ, ಇವಳು ಹಿಂದಿನ ಸೀಟಿನಲ್ಲಿ ಬಸುರಿ ಕುಳಿತಿದ್ದಾಳೆ ಎಂಬಂತೆ ತಿರುಗಿಸುತ್ತಾಳೆ. ಆದರೂ ಅವರಿಗಿಂತ ಮುಂಚೆ ಬರುತ್ತಾಳೆ. ಪಕ್ಕದಲ್ಲಿ ನಿಂತವರು ಯಾರ ಮಗಳು ಎಂದು ಕೇಳಿದರು. ನನ್ನದು ಎನ್ನಬೇಕಿತ್ತು. ಬಾಯಿಂದ ಬಂದದ್ದು, “ಆಕಿ ಜಿಲಾನಿ ಡ್ರೈವರ್ ಮಗಳು.” ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನಿಮ್ಮ ಹೆಸರು ಹಿಡಿದು ಹೇಳಿದೆ, ಮಾಫ್ ಮಾಡ್ರಿ. ಅತ್ತೆಯವರಿಗೆ ತಿಳಿಸಬೇಡಿ.

ಆಯ್ಕೆಯಾದ ಇಬ್ಬರಲ್ಲಿ ಇವಳೂ ಒಬ್ಬಳು. ಒಂದು ವರ್ಷ ತಂಡದ ಡ್ರೈವರು, ತಿಂಗಳ ಸಂಬಳದ ಕೆಲಸ. ಹವ್ಯಾಸ, ಹುಡುಗಾಟ ಎನ್ನುವ ಮಾತು ಇನ್ನು ನಡೆಯುವುದಿಲ್ಲ. ನಿಮ್ಮ ಹಾಗೆ ಇವಳೂ ಡ್ರೈವರ್‌ಕಿ ಮಾಡಿ ಉಣ್ಣುವವಳು. ಅದಕ್ಕೇ ಮೊನ್ನೆ ಶುಕ್ರವಾರದಿಂದ ನಿಮ್ಮ ತಾಯಿಯವರು ಟಿ.ವಿ.ಯಲ್ಲಿ ರೇಸು ಹಾಕಿಸಿಕೊಂಡು, ಯಾರೋ ಪರದೇಶದ ಹುಡುಗ ಮುಗ್ಗರಿಸಿದರೆ, “ಮೂಳಾ, ಗೇರ್ ಇಳಸಬೇಕಿತ್ತು!” ಎಂದು ಬಯ್ಯುತ್ತಾರೆ. ರಿಮೋಟಿನ ರಹಸ್ಯ ಇಷ್ಟೇ.

ಆದರೆ ಕರಾರಿನ ಕಾಗದ ಸಹಿಯಿಲ್ಲದೆ ಫ್ರಿಜ್ಜಿನ ಮೇಲೆ ಕುಳಿತಿದೆ. ಈ ತಿಂಗಳ ಕೊನೆಯೊಳಗೆ ಕಳಿಸದಿದ್ದರೆ ಆ ಸೀಟು ಬೇರೆಯವರಿಗೆ. ನಾನು ಹೇಳಿದೆ, ದಾದಿ ಹೇಳಿದರು. “ಅಬ್ಬಾ ಹ್ಞೂಂ ಅನ್ನಲಿ, ಆಮ್ಯಾಲ” ಅನ್ನುತ್ತಾಳೆ. ಹಟ ಯಾರದೆಂದು ನಾನು ಬರೆಯುವುದಿಲ್ಲ, ಕನ್ನಡಿ ನೋಡಿಕೊಳ್ಳಿ. ನನಗೆ ಭಯವಿಲ್ಲವೆಂದಲ್ಲ. ಭಾಳ ಐತಿ. ಆದರೆ ನೀವು ಮರಳುಗಾಡಿನಲ್ಲಿ ನಲವತ್ತು ಟನ್ ಎಳೆದುಕೊಂಡು ಹೋಗುವಾಗಲೂ ಇದೇ ಭಯ ಇಟ್ಟುಕೊಂಡೇ ನಾನು ಸಾಲಿಗೆ ಹೋಗಿ ಪಾಠ ಮಾಡಿ ಬಂದಿದ್ದೇನೆ.

ಇನ್ನು ಮುಗಿಸುತ್ತೇನೆ, ಜಾಕೀರ ಬಾಗಿಲಲ್ಲಿ ನಿಂತಿದ್ದಾನೆ. ಅತ್ತೆಯವರು ನಿಮ್ಮ ತಲೆಯ ಮೇಲೆ ಕೈಯಿಟ್ಟು ದುವಾ ಕಳಿಸಿದ್ದಾರೆ, ರೂಪಾಳೂ ಗಾದಿಲಿಂಗಪ್ಪನೂ ಕೇಳಿದೆವೆಂದು ತಿಳಿಸಲು ಹೇಳಿದ್ದಾರೆ. ಅಲ್ಲಾಹ್ ನಿಮ್ಮನ್ನು ಸುಖವಾಗಿಡಲಿ, ಗಾಡಿ ನಿಧಾನ ಹೊಡೀರಿ.

ಇಂತಿ ನಿಮ್ಮ,
ಸಬೀನಾ

ತಾ.ಕ.: ಜಾಕೀರನನ್ನು ಇನ್ನೆರಡು ನಿಮಿಷ ಕೂರಿಸಿದ್ದೇನೆ. ತಂಡದ ಅರ್ಜಿಯಲ್ಲಿ ಒಂದು ಖಾನೆ ಇದೆ, ಅಪಘಾತವೇನಾದರೂ ಆದರೆ ಮೊದಲು ಯಾರಿಗೆ ತಿಳಿಸಬೇಕು ಎಂದು. ಅದರಲ್ಲಿ ಮುಬಾಶಿರಾ ನಿಮ್ಮ ಹೆಸರು, ನಿಮ್ಮ ದಮ್ಮಾಮಿನ ನಂಬರು ಬರೆದಿದ್ದಾಳೆ. ನನ್ನದು ಯಾಕಲ್ಲ ಎಂದು ಜಗಳಕ್ಕೇ ನಿಂತೆ. “ನೀ ಅಳತಿ ಅಮ್ಮೀ. ಅಬ್ಬಾ ಬರತಾರ” ಎಂದಳು. ನಂಬರು ಸರಿಯಿದೆಯೇ ಎಂದು ಕೇಳಲು ಆ ಆಫೀಸಿನವರು ೨೧ನೇ ತಾರೀಖು ಮಂಗಳವಾರ ಫೋನ್ ಮಾಡುತ್ತಾರೆ. ನಮ್ಮಲ್ಲಿ ಮಧ್ಯಾಹ್ನ ಮೂರು, ನಿಮ್ಮಲ್ಲಿ ಹನ್ನೆರಡೂವರೆ, ಜೊಹರ್ ನಮಾಜು ಮುಗಿದಿರುತ್ತದೆ. ನಂಬರು +೯೧ ೪೨೨ ಎಂದು ಶುರುವಾಗುತ್ತದೆ. ಮುಬಾಶಿರಾಳ ತಂದೆಯೇ ಎಂದು ಕೇಳುತ್ತಾರೆ. ಹೌದು ಅಂದರೆ ಸಾಕು, ಅದನ್ನೇ ಹ್ಞೂಂ ಎಂದು ತಿಳಿದು ಸಹಿ ಹಾಕುತ್ತಾಳಂತೆ. ಅಂದು ಫೋನ್ ಚಾರ್ಜ್ ಮಾಡಿ ಕಿಸೆಯಲ್ಲೇ ಇಟ್ಟುಕೊಳ್ಳಿ, ಮತ್ತು ದಯವಿಟ್ಟು ಎತ್ತಿರಿ.