ಕೀರಲು ಸದ್ದು ನಿಂತ ಮೇಲೆ

ಮನೆ, ಅಡುಗೆಕೋಣೆಯ ಮೇಜು
ಮಾರ್ಚ್ ೧೧, ಬುಧವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೆಬ್ಬೆರಳಿನ ನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಬಿಸ್ಕತ್ತಿನಲ್ಲೇ ದಿನ ದೂಡುತ್ತೀಯೋ? ಫೋನಂತೂ ಎತ್ತುವುದಿಲ್ಲ, ಅದಕ್ಕೇ ಕಾಗದದಲ್ಲಿ ಕೇಳುತ್ತಿದ್ದೇನೆ. ಅಪ್ಪನ ಬಿಪಿ ಏರಿದ ಮೆಟ್ಟಿಲಿಂದ ಇಳಿದಿಲ್ಲ. ನನಗೆ ಕುತ್ತಿಗೆ ನೋವು. ದಿನಕ್ಕೆ ಎಂಟು ಗಂಟೆ ಹೆಡ್‌ಫೋನ್ ಹಾಕಿಕೊಂಡು ಯಾರ್ಯಾರದೋ ಮಾತು ಕೇಳಿ ಟೈಪ್ ಮಾಡುವವಳಿಗೆ ಅದು ಸಂಬಳದ ಜೊತೆಗೇ ಬರುತ್ತದೆ.

ನೀನು ಹೋಗಿ ನಾಲ್ಕು ತಿಂಗಳಾಯಿತು. ಅಂದಿನ ಮಾತು ಎತ್ತಬೇಡ ಎಂದು ನೀನೇ ಹೇಳಿದ್ದೆ. ಇವತ್ತು ಎತ್ತದೆ ವಿಧಿಯಿಲ್ಲ. ಗೋದಾಮಿನ ಅಂಗಳದಲ್ಲಿ ನೀನು ಕ್ರೇನಿನ ಮೇಲೆ, ಹೊರೆಗೆ ಸರಪಳಿ ಬಿಗಿಯುವ, ನಿನಗೆ ಕೆಲಸ ಕಲಿಸಿದ ಸರಪಳಿಯಣ್ಣ ಕೆಳಗೆ, ನಡುವೆ ತೂಗುತ್ತಿದ್ದ ಕಂಬಿಗಳ ಕಟ್ಟು. ಮೇಸ್ತ್ರಿ ವಾಕಿಟಾಕಿಯಲ್ಲಿ "ನಿಲ್ಸ್‌ಬೇಡ" ಅಂದರು, ಅದಕ್ಕೇ ಇಳಿಸುತ್ತಾ ಹೋದೆ ಎಂದು ನೀನು. ನಿಲ್ಲಿಸು ಎಂದೇ ಹೇಳಿದ್ದು ಎಂದು ಮೇಸ್ತ್ರಿ. ಕಟ್ಟಿನಡಿ ಸಿಕ್ಕ ಸರಪಳಿಯಣ್ಣ ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಹೋದ. ಆ ಸಂಜೆ ಅಪ್ಪ ನಿನಗೆ, "ಒಂದು ಜೀವ ಹೋಗಿದೆ, ಈಗಲಾದ್ರೂ ನಿಜ ಹೇಳು" ಎಂದದ್ದು, ನೀನು ಚೀಲ ತುಂಬಿಕೊಂಡದ್ದು, ನಾನು ಬಾಗಿಲಲ್ಲಿ ಗೊಂಬೆಯ ಹಾಗೆ ನಿಂತಿದ್ದು, ಎಲ್ಲಾ ಕಣ್ಣಿಗೆ ಕಟ್ಟಿದ ಹಾಗಿದೆ.

ಕಳೆದ ವಾರ ಕಾರ್ಮಿಕ ಸಂಘದ ವಕೀಲೆ ಒಂದು ಪೆನ್‌ಡ್ರೈವ್ ತಂದುಕೊಟ್ಟರು. ಅಂಗಳದ ವಾಕಿಟಾಕಿ ಮಾತೆಲ್ಲ ಕಚೇರಿಯ ಕಂಪ್ಯೂಟರಿನಲ್ಲಿ ದಾಖಲಾಗುತ್ತದಂತೆ. ವಿಚಾರಣಾಧಿಕಾರಿ ಎರಡೂ ಕಡೆಗೆ ಪ್ರತಿ ಕೊಟ್ಟಿದ್ದಾರೆ. ನಿಮ್ಮ ಕಸುಬೇ ಇದು, ನಮ್ಮ ಕಡೆಯಿಂದ ಕೇಳಿ ಬರೆದುಕೊಡಿ ಎಂದರು ವಕೀಲೆ. ಲ್ಯಾಪ್‌ಟಾಪಿಗೆ ಹಾಕಿ ಕೇಳಲು ಕೂತೆ. ಇಂಜಿನ್ನಿನ ಗದ್ದಲದ ಮೇಲೆ ಮೇಸ್ತ್ರಿಯ ದನಿ, ಅದರ ಮೇಲೆ ಸೊಳ್ಳೆ ಕೂಗಿದ ಹಾಗೆ ಸಣ್ಣಗೆ ಒಂದು ಕೀರಲು. ಹನ್ನೊಂದು ಸಲ ಕೇಳಿದೆ. ಹನ್ನೊಂದು ಸಲವೂ "ನಿಲ್ಸ್‌ಬೇಡ" ಎಂದೇ ಕೇಳಿಸಿತು. ಹಾಗೆಯೇ ಬರೆದು ಸಹಿ ಹಾಕಿಕೊಟ್ಟೆ. ಅಪ್ಪ ಕಾಗದವನ್ನು ಎರಡು ಸಲ ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ತಿಂಗಳುಗಳ ನಂತರ ಅವತ್ತು ಗಡ್ಡ ಬೋಳಿಸಿಕೊಂಡು, ಅವನ ಹಾಸಿಗೆ ಬಿಸಿಲಿಗೆ ಹಾಕು ಎಂದರು. ಶುಕ್ರವಾರ ಮೇಸ್ತ್ರಿಯನ್ನು ಕೆಲಸದಿಂದ ದೂರ ಇಟ್ಟರು ಎಂಬ ಸುದ್ದಿ ಬಂತು. ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ.

ಆದರೆ ಶನಿವಾರ ಬೇರೊಂದು ಕೆಲಸಕ್ಕೆ ಕೂತೆ, ಯಾರದೋ ಉಪನ್ಯಾಸ. ಅದರಲ್ಲೂ ಅದೇ ಸೊಳ್ಳೆ. ನಿಲ್ಲಿಸಿದೆ, ಏನೂ ಓಡುತ್ತಿಲ್ಲ, ಕೀರಲು ಮಾತ್ರ ಹಾಗೇ ಇದೆ. ಸದ್ದು ದಾಖಲೆಯಲ್ಲಿರಲಿಲ್ಲ ತಮ್ಮಾ, ನನ್ನ ಲ್ಯಾಪ್‌ಟಾಪಿನೊಳಗೇ ಇತ್ತು. ಅಷ್ಟಕ್ಕೇ ಮುಚ್ಚಿಟ್ಟು ಎದ್ದಿದ್ದರೆ ಆಗುತ್ತಿತ್ತು. ಏಳಲಾಗಲಿಲ್ಲ. ಪಕ್ಕದ ಮನೆಯವಳ ಹೆಡ್‌ಫೋನ್ ತಂದು ಹಾಕಿದೆ, ಅದೇ ಸದ್ದು. ಬಳಸದ ಮೈಕನ್ನು ಮುಚ್ಚಿದೆ, ಸೆಟ್ಟಿಂಗ್ಸಿನಲ್ಲಿ ದನಿಗೆ ಮೆರುಗು ಕೊಡುವ ಆಯ್ಕೆಯ ಗುರುತನ್ನು ತೆಗೆದೆ, ತುಸು ತಗ್ಗಿತು. ಚಾರ್ಜರ್ ಕಿತ್ತೆ, ಕೀರಲು ಅರ್ಧಕ್ಕರ್ಧ ಹೋಯಿತು, ಮೌಸ್ ಅಲ್ಲಾಡಿಸಿದಾಗ ಚರಚರ ಎನ್ನುವುದು ಉಳಿಯಿತು. ಕೊನೆಗೆ ಅಂಗಡಿಗೆ ಒಯ್ದೆ; ರಿಪೇರಿಯವನು ಹಿಂದೆಮುಂದೆ ತಿರುಗಿಸಿ ನೋಡಿ, ಒಳಗಿನ ಕರೆಂಟು ಹೆಡ್‌ಫೋನಿನ ತೂತಿನವರೆಗೂ ಸೋರುತ್ತಿದೆ, ಇದಕ್ಕೆ ಮದ್ದಿಲ್ಲ, ದಾರಿ ಬದಲಿಸಬೇಕು ಎಂದ. ಉಗುರಿನಷ್ಟಗಲದ ಒಂದು ಸೌಂಡ್ ಅಡಾಪ್ಟರನ್ನು ಯುಎಸ್‌ಬಿಗೆ ಸಿಕ್ಕಿಸಿ, ಅದಕ್ಕೆ ಹೆಡ್‌ಫೋನ್ ಚುಚ್ಚಿಕೊಟ್ಟ. ಕಿವಿಯೊಳಗೆ ನಿಶ್ಶಬ್ದ. ಮನೆಯ ಗಡಿಯಾರ ನಿಂತಾಗ ಆಗುತ್ತದಲ್ಲ, ಅಂಥದ್ದು.

ಮನೆಗೆ ಬಂದು ಪೆನ್‌ಡ್ರೈವ್ ಹಾಕಿದೆ. ಮೇಸ್ತ್ರಿ "ನಿಲ್ಸು, ಬೇಗ" ಎಂದಿದ್ದರು.

ನಡುವೆ ಚಿಟಿಕೆ ಹೊಡೆಯುವಷ್ಟು ಬಿಡುವಿದೆ, ಕೊನೆಗೊಂದು 'ಗ' ಇದೆ. ಕೀರಲು ಎರಡನ್ನೂ ನುಂಗಿತ್ತು. ನಿನ್ನ ಕ್ಯಾಬಿನ್ನಿನಲ್ಲಿ ಇಂಜಿನ್ ನುಂಗಿರಬೇಕು. ನೀನು ಸುಳ್ಳು ಹೇಳಿರಲಿಲ್ಲ, ಮೇಸ್ತ್ರಿಯೂ ಹೇಳಿರಲಿಲ್ಲ. ಹಾಗೆಂದು ಗೊತ್ತಾದಾಗ ಹಗುರಾಗಬೇಕಿತ್ತು ಅಲ್ಲವೇ? ಅಡಾಪ್ಟರನ್ನು ಕಿತ್ತು ಹಳೆಯ ತೂತಿಗೇ ಚುಚ್ಚಿ ಮತ್ತೆ ಕೇಳಿದೆ. ನಿನ್ನ ಮಾತೇ ಬಂತು. ಇಡೀ ಭಾನುವಾರ ಹೀಗೆ ಚುಚ್ಚುತ್ತಾ ಕೀಳುತ್ತಾ ಕಳೆದೆ, ಹುಚ್ಚಿಯ ಹಾಗೆ.

ಸೋಮವಾರ ವಕೀಲೆಗೆ ಫೋನ್ ಮಾಡಿ ಬರೆದುಕೊಟ್ಟದ್ದು ತಪ್ಪು ಎಂದೆ. ಇನ್ನೊಂದು ಸಲ ಹೇಳಿಸಿ ಕೇಳಿಕೊಂಡರು ಆಕೆ. ಆಮೇಲೆ, ತಪ್ಪಾಗಿ ಕೇಳಿಸಿಕೊಂಡದ್ದಕ್ಕೂ ಬೇಕೆಂದೇ ಮಾಡಿದ್ದಕ್ಕೂ ಬಹಳ ಅಂತರವಿದೆ, ಆದರೆ ಅದನ್ನು ಹೇಳಬೇಕಾದವನು ಎದುರಿಗಿರಬೇಕು ಎಂದರು. ಅಪ್ಪನಿಗೆ ನಾನೇ ಹೇಳಿದೆ. ನಿನ್ನ ಹಾಸಿಗೆಯನ್ನು ಮಡಿಸುತ್ತಿದ್ದರು. ಮಡಿಸುವುದನ್ನು ಬಿಟ್ಟು, "ಆ ಸದ್ದು ಹಾಗೇ ಇದ್ದಿದ್ರೆ ನಿಂಗೇನು ಕಷ್ಟ ಆಗ್ತಿತ್ತು?" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ಕೇಳುತ್ತಿದ್ದರು. ನಾನು ಹಾಸಿಗೆಯ ಇನ್ನೊಂದು ತುದಿ ಹಿಡಿದು ಮಡಿಸಿದೆ. ಅಂದಿನಿಂದ ನಾನು ಬಡಿಸಿದ್ದನ್ನು ಉಣ್ಣುತ್ತಾರೆ, ಮಾತಿಲ್ಲ. ನಿನ್ನೆ ವಿಚಾರಣಾ ಕಚೇರಿಗೆ ಹೋಗಿ ಹೊಸ ಹೇಳಿಕೆ ಬರೆದುಕೊಟ್ಟೆ. ಮೊದಲ ಸಲ ನನಗೂ ನಿನ್ನ ಹಾಗೇ ಕೇಳಿಸಿತ್ತು, ಹನ್ನೊಂದು ಸಲ, ಎಂದೂ ಬರೆದಿದ್ದೇನೆ. ಗುಮಾಸ್ತೆ ಆ ಸಾಲನ್ನು ಓದಿ ನನ್ನ ಮುಖ ನೋಡಿದಳು, ಹೊಡೆದುಹಾಕಲಿಲ್ಲ.

ಹೊಟ್ಟೆಗೆ ಸರಿಯಾಗಿ ತಿನ್ನು. ಬೆರಳಿಗೆ ಬಿಸಿನೀರಿನ ಶಾಖ ಕೊಡು. ಎಲ್ಲಿದ್ದರೂ ಚೆನ್ನಾಗಿರು ಎಂದು ಹರಸಲು ಹೋದರೆ ಕೈ ತಡೆಯುತ್ತದೆ; ಇಲ್ಲಿಗೆ ಬಂದು ಚೆನ್ನಾಗಿರು.

ನಿನ್ನ
ಅಕ್ಕ

ತಾ.ಕ.: ಅಂಚೆಯವನು ಬೀದಿಯ ತುದಿಯಲ್ಲಿದ್ದಾನೆ, ಬೇಗ ಬರೆಯುತ್ತಿದ್ದೇನೆ. ಕಚೇರಿಯಲ್ಲಿ ನಿನ್ನ ವಿಳಾಸ ಕೇಳಿದರು. ಕೊಟ್ಟಿದ್ದೇನೆ. ಅವರ ನೋಟೀಸಿಗಿಂತ ಮೊದಲು ಇದು ನಿನ್ನ ಕೈ ಸೇರಬೇಕು. ನನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಸರಿ, ನೋಟೀಸಿಗೆ ಹೆದರಿ ಬಾಡಿಗೆ ಕೋಣೆ ಮಾತ್ರ ಬದಲಾಯಿಸಬೇಡ.