ನೀನು ‘ನಮ್ಮೂರ ಹುಡುಗಿ’ ಎಂದ ದಿನ

ಅವ್ವಾ,

ನಾನು ಅಡುಗೆ ನೋಡಿಕೊಳ್ಳುವ ಶಹಾಪುರದ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹುಡುಗಿಯರು ಇನ್ನೂ ಶಾಲೆಯಿಂದ ಬಂದಿಲ್ಲ, ಪಾತ್ರೆಗಳೆಲ್ಲ ಬೋರಲು ಬಿದ್ದಿವೆ. ನಿನಗೆ ಓದಲು ಬರುತ್ತಿರಲಿಲ್ಲ, ಗೊತ್ತು. ಆದರೆ ಬಾಯಿಬಿಟ್ಟು ಹೇಳಬೇಕಾದ ಹೊತ್ತಿನಲ್ಲಿ ನಾನು ಹೇಳಲಿಲ್ಲವಲ್ಲ.

ಬೇಸಿಗೆಯಲ್ಲಿ ಕೃಷ್ಣೆ ಇಳಿದು ಕಲ್ಲುಗಳು ಮೇಲೆದ್ದವೆಂದರೆ ನಮ್ಮ ಗಡ್ಡಿಯ ಜನಕ್ಕೆ ಕಾಲುದಾರಿ ತೆರೆಯುತ್ತಿತ್ತು. ಸುತ್ತ ಹೊಳೆ, ನಡುವೆ ನಮ್ಮ ಒಂದಿಷ್ಟು ಮನೆ. ಉಳಿದವರು ಸಂತೆಗೆ, ಮದುವೆಗೆ ದಾಟಿ ಸಂಜೆಗೆ ಮರಳುತ್ತಿದ್ದರು. ನೀನು ಮಾತ್ರ ಸೀರೆ ಎತ್ತಿ ಕಟ್ಟಿ, ಬಟ್ಟೆಗಂಟು ತಲೆಯ ಮೇಲಿಟ್ಟುಕೊಂಡು ಎರಡು ತಿಂಗಳಿಗೆ ಹೋಗಿಬಿಡುತ್ತಿದ್ದೆ, ಸುರಪುರದ ವಾಡೆಗೆ, ಆ ದೊಡ್ಡ ಮನೆಯ ಕೆಲಸಕ್ಕೆ. ಹೈದರಾಬಾದಿನಲ್ಲಿ ನೆಲೆಸಿದ್ದ ಆ ಶ್ರೀಮಂತರ ಮನೆಯವರೆಲ್ಲ ರಜೆಗೆ ಅಲ್ಲಿಗೆ ಬರುತ್ತಿದ್ದರು. ಅಪ್ಪ ತೀರಿಹೋಗಿದ್ದ. ನಾನು ಅಜ್ಜಿಯ ಹತ್ತಿರ, ನಮ್ಮ ಆಯಿಯ ಹತ್ತಿರ, ಉಳಿಯುತ್ತಿದ್ದೆ.

ಮಳೆಗೆ ಮೊದಲು ತಿರುಗಿ ಬಂದು ನೀನು ಹೇಳುತ್ತಿದ್ದುದು ಆ ಮನೆಯ ಮಾತೇ. ಬಾಗಿಲಿನ ಲಾವಂಚದ ತಟ್ಟಿಗೆ ತಾಸಿಗೊಮ್ಮೆ ನೀರು ಚಿಮುಕಿಸಬೇಕು, ಸಂಜೆ ಕೊಡಗಟ್ಟಲೆ ನೀರು ಹೊತ್ತು ಮಾಳಿಗೆ ತಂಪು ಮಾಡಬೇಕು, ಮನೆಯ ಹಿರಿಯ ಒಡತಿ ದೊಡ್ಡವ್ವನವರಿಗೆ ರೊಟ್ಟಿ ಹಾಳೆಯಂತಿರಬೇಕು... ಅಲ್ಲಿ ನೀನು ಎಲ್ಲಿ ಮಲಗುತ್ತಿದ್ದೆ ಅವ್ವಾ? ಅದನ್ನು ಒಮ್ಮೆಯೂ ಹೇಳಲಿಲ್ಲ.

ನನಗೆ ಹತ್ತು ವರ್ಷವಿದ್ದಾಗ ಪಕ್ಕದ ಮನೆಯ ಕಾಕಾ ಸುರಪುರದ ಸಂತೆಗೆ ಹೊರಟಿದ್ದ. ಅತ್ತು ಹಟ ಮಾಡಿ ಅವನ ಬೆನ್ನು ಹತ್ತಿದೆ. ಹೊಳೆ ದಾಟಿ, ಬಸ್ಸು ಹಿಡಿದು, ವಾಡೆಯ ಹಿತ್ತಲ ಬಾಗಿಲಿಗೆ ಬಂದು ನಿಂತರೆ ನೀನು ಆ ಮನೆಯ ಪುಟ್ಟ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಲು-ರೊಟ್ಟಿ ಉಣಿಸುತ್ತಿದ್ದೆ. ನನ್ನನ್ನು ಕಂಡದ್ದೇ ನಿನ್ನ ಕೈ ನಡುವೆಯೇ ನಿಂತಿತು.

“ಯಾರ ಆಕಿ?” ಎಂದರು ದೊಡ್ಡವ್ವ ಒಳಗಿನಿಂದ.

“ನಮ್ಮೂರ ಹುಡುಗಿ ಅದಾಳ್ರಿ. ಸಂತಿಗಿ ಬಂದಾಳ.”

ನೀನು ಎದ್ದು ಬಂದು ನನ್ನ ಕೈಗೆ ಒಂದು ರೊಟ್ಟಿ ಇಟ್ಟೆ. “ತಿಂದು ಹೋಗವ್ವ, ನಿಮ್ಮ ಕಾಕಾ ಕಾಯಾಕತ್ತಿರ್ತಾನ.” ಬಾಯಿ ಬಿಡಬೇಡ ಎಂದು ನಿನ್ನ ಕಣ್ಣು ಬೇಡುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ರೊಟ್ಟಿಯನ್ನೂ ತಿನ್ನಲಿಲ್ಲ.

ಮನೆಗೆ ಬಂದು ಅತ್ತಾಗ ಆಯಿ ಹೇಳಿದಳು, “ಸಣ್ಣ ಮಕ್ಕಳಿದ್ದಾಕೀನ ಅವರು ಕೆಲಸಕ್ಕ ಇಟ್ಗೊಳ್ಳಂಗಿಲ್ಲ. ಅದಕ್ಕ ಮಕ್ಕಳಿಲ್ಲ ಅಂತ ಹೇಳ್ಯಾಳ. ಸಿಟ್ಟಾಗಬ್ಯಾಡ.” ನನಗೆ ಅರ್ಥವೇನೋ ಆಯಿತು. ಆದರೂ ಅಂದಿನಿಂದ ನೀನು ವಾಡೆಯ ಮಾತು ತೆಗೆದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ನಿನಗೆ ತಿಳಿಯುತ್ತಿರಲಿಲ್ಲವೇ? ತಿಳಿದೂ ನೀನು ಮುಂದಿನ ಬೇಸಿಗೆಗೆ ಮತ್ತೆ ಹೋದೆ, ಅದರ ಮುಂದಿನ ಬೇಸಿಗೆಗೂ. ನಾನು ಹೊಳೆಯ ಆಚೆ ಉಳಿದು ಶಾಲೆ ಓದಿದ್ದು ಆ ಬೇಸಿಗೆಗಳ ನಿನ್ನ ದುಡಿಮೆಯಿಂದಲೇ.

ಕೊನೆಯ ಕಾಯಿಲೆಯಲ್ಲಿ ಒಂದು ದಿನ ನೀನು ನನ್ನ ಮುಂಗೈ ಹಿಡಿದು, “ಆವತ್ತ ವಾಡೇದಾಗ ನಾ...” ಎಂದೆ. “ಈಗ್ಯಾಕವ್ವ ಅದು? ಬಿಡು,” ಎಂದುಬಿಟ್ಟೆ ನಾನು. ನಿನ್ನ ಮೇಲಿನ ಕರುಣೆಯಿಂದ ಹಾಗಂದೆ ಅಂದುಕೊಂಡಿದ್ದೆ. ನಿಜವಾಗಿಯೂ ಕರುಣೆಯೇ? ಅಥವಾ ಆ ಹತ್ತು ವರ್ಷದ ಹುಡುಗಿ ಇನ್ನೂ ನಿನ್ನನ್ನು... ನಾಲ್ಕು ದಿನಕ್ಕೆ ನೀನು ಹೋಗಿಬಿಟ್ಟೆ.

ಮೊನ್ನೆ ಸೋಮವಾರ ಪಕ್ಕದ ಗೋಗಿಯಿಂದ ಒಬ್ಬಾಕೆ ಕೆಲಸ ಕೇಳಿಕೊಂಡು ಬಂದಳು. ಮೂವತ್ತು ದಾಟಿದ ಹೆಂಗಸು, ಗಂಡ ಇಲ್ಲ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದೆ ಅಷ್ಟೆ. “ಅತ್ತಿ ಒಬ್ಬಾಕಿ ಅದಾಳ್ರಿ. ಮಕ್ಕಳಿಲ್ರಿ,” ಎಂದು ನೆಲ ನೋಡಿದಳು. ನಾನು ಮಕ್ಕಳ ವಿಷಯ ಕೇಳಿರಲೇ ಇಲ್ಲ. ಅಂದೇ ಕೆಲಸಕ್ಕೆ ಹಚ್ಚಿಕೊಂಡೆ. ಮಧ್ಯಾಹ್ನ ತನ್ನ ಪಾಲಿನ ಮೊಟ್ಟೆಯನ್ನು ತಿನ್ನದೆ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು.

ಪಕ್ಕದಲ್ಲಿ ಕೂತು ನಿನ್ನ ವಿಷಯ ಹೇಳಿದೆ. ಜನ್ಮದಲ್ಲಿ ಮೊದಲ ಸಲ ಅವ್ವಾ, ಇನ್ನೊಬ್ಬರ ಮುಂದೆ. ಎಲ್ಲ ಕೇಳಿ ಆಕೆ, “ಆಮ್ಯಾಲ ನಿಮ್ಮವ್ವ ಏನಂದ್ರು?” ಎಂದಳು.

“ಹೇಳಾಕ ಬಂದಿದ್ಳು. ನಾನೇ ಬಿಡಲಿಲ್ಲ.”

ಆಕೆ ಸೆರಗಿನ ಗಂಟು ಬಿಗಿ ಮಾಡಿದಳು. “ಏನ್ ಹೇಳ್ತಿದ್ರಂತ ನನಗ ಗೊತ್ತದರಿ. ‘ನನ್ನ ಮಗಳು’ ಅಂತ ಬಾಯಿ ತನಕ ಬಂದಿತ್ತು, ನುಂಗಿದೆ ಅಂತಿದ್ರು. ದಿನಾ ನುಂಗ್ತೀವ್ರಿ.” ಆಮೇಲೆ ಸೆರಗು ಮುಖಕ್ಕೆ ಒತ್ತಿಕೊಂಡು, “ನಾಕು ವರ್ಷದಾಕಿ ಅದಾಳ್ರಿ ನನ್ನ ಕೂಸು,” ಎಂದಳು.

“ನಾಳಿ ಕರಕೊಂಡು ಬಾ. ಮೇಡಂಗ ನಾ ಹೇಳ್ತೀನಿ.”

ವಾರ್ಡನ್ ಮೇಡಂ ಮೊದಲು ಮುಖ ಸಿಂಡರಿಸಿದರು. ಆಮೇಲೆ, “ಒಲಿ ಹತ್ರ ಬರಬಾರದು ನೋಡು,” ಎಂದು ಒಪ್ಪಿದರು. ಆ ಕೂಸು ಈಗ ನನ್ನ ಪಕ್ಕದಲ್ಲೇ ಗೋಧಿ ಚೀಲಕ್ಕೆ ಒರಗಿ ನಿದ್ದೆಹೋಗಿದೆ. ಅದರ ಅವ್ವ ಸದ್ದಾಗದಂತೆ ಅಕ್ಕಿ ಆರಿಸುತ್ತಾ ನಡುನಡುವೆ ತಿರುಗಿ ನೋಡುತ್ತಿದ್ದಾಳೆ. ಇನ್ನು ಮುಂದೆ ಈ ಅಡುಗೆಮನೆಗೆ ಕೆಲಸಕ್ಕೆ ಬಂದ ಯಾರೂ ಹೆತ್ತ ಕೂಸನ್ನು ಇಲ್ಲ ಎನ್ನಬೇಕಾಗಿಲ್ಲ. ನಾನಿರುವವರೆಗೆ ಇದು ನಿನಗೆ ಕೊಟ್ಟ ಮಾತು.

ನಿನ್ನ ಮಗಳು